ಹಾವಿಗೆ ಕಾಲು ಬರೆದವರು

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅಂತಾರೆ. ನಮ್ಮ ಬಸವನಗುಡಿ ಬೀದಿಯಲ್ಲಿ ಮುತ್ತು ಯಾರ ಮನೆಯಲ್ಲೂ ಇರಲಿಲ್ಲ. ಮಾತು ಮಾತ್ರ ದಿನಾ ಹೋಗುತ್ತಿತ್ತು.

ಹಲ್ಲಿನ ಡಾಕ್ಟರು

ಆಗ ಪೇಟೆಯಲ್ಲಿ ಚೀನಾದವರೊಬ್ಬರು ಹಲ್ಲಿನ ಡಾಕ್ಟರಾಗಿದ್ದರು. ಆ ಪುಣ್ಯಾತ್ಮರನ್ನು ಇವತ್ತೂ ಕೈಮುಗಿದು ನೆನೆಯುತ್ತೇನೆ.

ಹಲ್ಲುನೋವೆಂದು ಹೋದಾಗ "ಯಾವ ಹಲ್ಲು?" ಅಂದರು. ನಾನು ಸೋದರತ್ತೆಯ ಚಕ್ಕುಲಿಯಿಂದ ಶುರುಮಾಡಿ, ಆ ಚಕ್ಕುಲಿ ಬಿದ್ದು ಬೀಸೋಕಲ್ಲೇ ಬಿರುಕುಬಿಟ್ಟ ಕಥೆಗೆ ಬಂದಿದ್ದೆ. ಅವರು ಇಕ್ಕಳ ಕೆಳಗಿಟ್ಟು ತಮ್ಮ ದೇಶದ ಗಾದೆ ಹೇಳಿದರು. ಹಾವಿನ ಚಿತ್ರ ಮೊದಲು ಬರೆದವನಿಗೆ ಒಂದು ಹೂಜಿ ಹೆಂಡ ಅಂತ ಪಂದ್ಯವಂತೆ. ಒಬ್ಬ ಎಲ್ಲರಿಗಿಂತ ಮುಂಚೆ ಮುಗಿಸಿದ. ಇನ್ನೂ ಹೊತ್ತಿದೆಯಲ್ಲ ಅಂತ ಹಾವಿಗೆ ಕಾಲೂ ಬರೆದ. "ಕಾಲಿದ್ರೆ ಅದು ಹಾವೇ ಅಲ್ಲ" ಅಂತ ಹೆಂಡ ಇನ್ನೊಬ್ಬ ಕುಡಿದ. ಚೆನ್ನಾಗಿ ಆದದ್ದಕ್ಕೆ ಬೇಡದ್ದು ಸೇರಿಸಿ ಕೆಡಿಸುವವರನ್ನು ಅಲ್ಲಿ ಹೀಗೆ ಹಂಗಿಸುತ್ತಾರಂತೆ.

"ಬಾಯಿ ತೆಗೀರಿ" ಅಂದರು.

"ನಮ್ಮಲ್ಲೂ ಹೀಗೇ ಒಬ್ಬ..." ಅನ್ನುವಷ್ಟರಲ್ಲಿ ಹಲ್ಲು ಅವರ ಕೈಯಲ್ಲಿತ್ತು.

ಬಾಗಿಲಿಗೆ ಬಂದ ಹಸು

ಗಾದೆಯನ್ನು ತಂಗಿಗೆ ಹೇಳಿದೆ. ಮಾರನೇ ಬೆಳಗ್ಗೆಯೇ ಅವಳಿಗೆ ಉಪಯೋಗಕ್ಕೆ ಬಂತು. ಆಗ ಹಾಲಿನವನು ಹಸುವನ್ನೇ ಬಾಗಿಲಿಗೆ ಹೊಡೆದುಕೊಂಡು ಬಂದು, ಮನೆಯವರ ಕಣ್ಣೆದುರಿಗೆ ಕರೆಯುತ್ತಿದ್ದ.

"ನೋಡ್ಕೊಳ್ಳಿ ತಾಯಿ, ಒಂದು ಹನಿ ನೀರಿಲ್ಲ" ಅಂದ. ಅಮ್ಮ ತಲೆಯಾಡಿಸಿದರು. ಅಷ್ಟಕ್ಕೇ ನಿಲ್ಲಿಸಬಾರದೆ? "ನಿನ್ನೆ ಹಾಲಿನ ಹಂಗಲ್ಲ!" ಅಂದ.

"ಅಣ್ಣಾ, ಕಾಲು ಬಂತು" ಅಂದಳು ತಂಗಿ.

ಕೇಸರಿಭಾತು

ತಂಗಿಗೆ ಬಂದಿದ್ದ ಎರಡು ಸಂಬಂಧ ನನ್ನ ಬಾಯಿಂದಲೇ ತಪ್ಪಿತೆಂದು ಅಮ್ಮನ ದೂರು. ಮೂರನೆಯದು ವೈಯಾಲಿಕಾವಲಿನವರದು. ಹುಡುಗ ತಂಗಿಗೂ ಹಿಡಿಸಿದ್ದ. "ಈ ಸಲ ನೀನು ತುಟಿ ಬಿಚ್ಚಿದ್ರೆ ನೋಡು!" ಅಂದಿದ್ದರು ಅಮ್ಮ.

ಮಾತುಕತೆಗೆ ಬಂದ ಹುಡುಗನ ತಂದೆ ಉಪ್ಪಿಟ್ಟು ತಿಂದು ಹೊಗಳಿದರು. "ಮಗಳೇ ಮಾಡಿದ್ದು" ಅಂದರು ಅಮ್ಮ. ನಿಜವೇ. ನನಗೆ ತಡೆಯಲಾಗಲಿಲ್ಲ. "ಕೇಸರಿಭಾತೂ ಅವಳದೇ! ಬೆಳಗಿನ ಜಾವದಿಂದ ಒಲೆ ಬಿಟ್ಟು ಎದ್ದಿಲ್ಲ!" ಅಂದೆ.

ಅದು ಹೋಟೆಲಿನದು. ಪಕ್ಕದ ಹೋಟೆಲಿನದಾದರೆ ಗುರುತು ಸಿಕ್ಕೀತೆಂದು ಸೈಕಲ್ ತುಳಿದು ಮಲ್ಲೇಶ್ವರದಿಂದ ತಂದಿದ್ದೆ. ವೈಯಾಲಿಕಾವಲು ಮಲ್ಲೇಶ್ವರದ ಮಗ್ಗುಲಲ್ಲೇ ಇದೆ ಅನ್ನೋದು ಹೊಳೆದಿರಲಿಲ್ಲ.

ಅವರು ಒಂದು ಚಮಚ ಬಾಯಿಗಿಟ್ಟು ಕಣ್ಣು ಮುಚ್ಚಿದರು. "ದಿನಾ ನಮ್ಮ ಮಲ್ಲೇಶ್ವರದ ಹೋಟೆಲಲ್ಲಿ ಇದನ್ನೇ ತಿಂತೀನಿ. ಮಗು ಅಲ್ಲಿಗೂ ಹೋಗಿ ಅಡುಗೆ ಮಾಡುತ್ತೋ?"

ಅಮ್ಮ ಸೆರಗಿಂದ ಮುಖ ಮುಚ್ಚಿಕೊಂಡರು. ತಂಗಿ ತಲೆಯೆತ್ತಿ, "ಹಾವು ನಂದು. ಕಾಲು ಅಣ್ಣಂದು" ಅಂದಳು. ಹಾಗಂದರೇನು ಅಂತ ಕೇಳಿದ್ದಕ್ಕೆ ಇಡೀ ಗಾದೆ ಹೇಳಿದಳು. ಅವರು ಕೆಮ್ಮು ಬರುವವರೆಗೆ ನಕ್ಕು, "ಹಾವು ನಮ್ಮನೆಗೆ ಬರಲಿ, ಕಾಲು ನಿಮ್ಮಲ್ಲೇ ಇರಲಿ" ಅಂದರು.

ಮದುವೆಯಲ್ಲಿ ಡಾಕ್ಟರಿಗೆ ಮೊದಲ ಪಂಕ್ತಿ. ಕೈಮುಗಿದೆ, ಕಣ್ಣು ತುಂಬಿತ್ತು. "ನಿಮ್ಮಿಂದಲೇ ಈ ಮದುವೆ ಡಾಕ್ಟ್ರೇ" ಅಂದೆ. ಅವರಿಗೂ ಸಂತೋಷವಾಯಿತು. "ಹೇಗಂದ್ರೆ, ಆವತ್ತು ನಮ್ಮತ್ತೆ ಚಕ್ಕುಲಿ..." ಅಂತ ಶುರುಮಾಡಿದೆ.

ಬಡಿಸುವವನ ಬುಟ್ಟಿಯಿಂದ ಒಂದು ಲಾಡು ತೆಗೆದುಕೊಂಡು, "ಬಾಯಿ ತೆಗೀರಿ" ಅಂದರು.