ಮೈದಾನದ ಮೂಲೆ ಬಿಡುವವರಲ್ಲ ನಾವು

ಕೆಲವರ ಹಣೆಯಲ್ಲಿ ಜಗಳ ಬರೆದಿರುತ್ತದೆ, ಕೆಲವರ ಹಣೆಯಲ್ಲಿ ನಗು. ನನ್ನ ಹಣೆ ಬರೆದವನು ಅವಸರದಲ್ಲಿದ್ದನೇನೋ, ಎರಡನ್ನೂ ಒಂದೇ ಸಾಲಿನಲ್ಲಿ ಗೀಚಿ ಎದ್ದುಹೋಗಿದ್ದಾನೆ. ನಾನು ಸಂಬಳ ಕೊಡುವ ಕ್ಲಬ್ಬಿಗೆ ಫುಟ್‌ಬಾಲ್ ಆಡಿದವಳು. ಚೆಂಡು ಸಿಕ್ಕರೆ ಬಲಗಡೆಯ ಗೆರೆ ಹಿಡಿದು ಓಡುವುದು, ಅಡ್ಡ ಬಂದವರನ್ನು ತಪ್ಪಿಸುವುದು, ಇಷ್ಟೇ ನನ್ನ ಕಸುಬು. ಮಂಡಿ ಕೈಕೊಟ್ಟ ಮೇಲೆ ಕೊರಳಿಗೆ ಸೀಟಿ ಕಟ್ಟಿಕೊಂಡು ಮುಂಬೈಯ ವಡಾಲದ ನಮ್ಮ ಕಾಲೊನಿ ಮೈದಾನದಲ್ಲಿ ಹುಡುಗಿಯರ ಕೋಚ್ ಆದೆ. ಮೈದಾನ ಅಂದರೆ ಒಂದು ಮೂಲೆ, ಅಷ್ಟೇ. ಉಳಿದದ್ದೆಲ್ಲ ಕ್ರಿಕೆಟ್‌ನವರದ್ದು, ಈ ಮೂಲೆಯ ಮೇಲೂ ಅವರದೇ ಕಣ್ಣು. ಇದೂ ಹೋದರೆ ನನ್ನ ಹುಡುಗಿಯರಿಗೆ ಆಡಲು ಬೇರೆ ಜಾಗವಿಲ್ಲ. ಏನೇ ಆಗಲಿ ಬಿಡುವುದಿಲ್ಲ ಅಂತ ಮೊದಲ ದಿನವೇ ತೀರ್ಮಾನಿಸಿದ್ದೆ.

ಅವರ ಫೀಲ್ಡರ್

ಮುಂಬೈ ಮೈದಾನಗಳಲ್ಲಿ ಭಾನುವಾರ ಒಂದರೊಳಗೊಂದು ಮ್ಯಾಚ್‌ಗಳು ನಡೆಯುತ್ತವೆ. ಒಬ್ಬರ ಬೌಂಡರಿ ಇನ್ನೊಬ್ಬರ ವಿಕೆಟ್ ಪಕ್ಕದಲ್ಲಿರುತ್ತದೆ, ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಹಾಗೆ ಕ್ರಿಕೆಟ್‌ನವರ ಫೀಲ್ಡರ್ ಒಬ್ಬ ಬಂದು ಸರಿಯಾಗಿ ನಮ್ಮ ಗೋಲಿನ ಮುಂದೆ ನಿಂತ. ಆಚೆ ಹೋಗಪ್ಪ ಅಂದೆ. ಕ್ಯಾಪ್ಟನ್ ಇಲ್ಲೇ ನಿಲ್ಲು ಅಂದಿದ್ದಾನೆ, ಕದಲುವುದಿಲ್ಲ ಅಂದ. ಸರಿ, ಇವನನ್ನು ಕಂಬ ಅಂದುಕೊಂಡು ಸುತ್ತಿಕೊಂಡು ಹೋಗಿ ಅಂತ ಹುಡುಗಿಯರಿಗೆ ಹೇಳಿದೆ.

ಮೊದಮೊದಲು ಅವನು ಕಾಲೆತ್ತಿ ಕಾಲೆತ್ತಿ ತಪ್ಪಿಸಿಕೊಂಡ. ಆಮೇಲೆ ಚೆಂಡು ಕಿತ್ತುಕೊಳ್ಳಲು ನೋಡಿದ. ಕೊನೆಗೆ ಯಾರು ಯಾರಿಗೆ ಪಾಸ್ ಕೊಡಬೇಕೆಂದು ಹಿಂದಿಯಲ್ಲಿ ಕೂಗಿ ಹೇಳತೊಡಗಿದ. ಹಾಗೆ ಕೂಗುತ್ತಿರುವಾಗಲೇ ಒಂದು ದಿನ ಅವರ ಪಂದ್ಯದ ಕೊನೆಯ ಕ್ಯಾಚ್ ಅವನ ಬೆನ್ನ ಹಿಂದೆ ದೊಪ್ಪನೆ ಬಿತ್ತು. ಅವರು ಸೋತರು. ಕ್ಯಾಪ್ಟನ್ ಕೆಂಡವಾಗಿ ಬಂದು, ನಮ್ಮ ಹುಡುಗನನ್ನು ಹಾಳು ಮಾಡಿದಿರಿ ಅಂದ.

ಹಾಳಾಗಿಲ್ಲ, ಈಗ ತಾನೆ ದಾರಿಗೆ ಬರುತ್ತಿದ್ದಾನೆ, ಮುಂದಿನ ವಾರವೂ ಅವನನ್ನೇ ಕಳಿಸಿ ಅಂದೆ.

ಅಮ್ಮನ ಬಾಲ್ಕನಿ

ನಮ್ಮಮ್ಮ ಮೈಸೂರಿನವರು, ಮರ್ಯಾದೆಗೆ ಅಂಜುವವರು. ನಾನು ಆಡುತ್ತಿದ್ದ ಅಷ್ಟೂ ವರ್ಷ, ಕೋಚ್ ಆದ ಮೇಲೂ, ನನ್ನ ಚಡ್ಡಿಗಳನ್ನು ಬಾಲ್ಕನಿಯಲ್ಲಿ ತಮ್ಮ ಸೀರೆಯ ಮರೆಯಲ್ಲೇ ಒಣಗಿಸಿದರು. ಬಿಸಿಲೇ ತಾಗದೆ ಅವು ಸದಾ ಮುಗ್ಗಲು ವಾಸನೆ ಹೊಡೆಯುತ್ತಿದ್ದವು.

ಎದುರು ಮನೆಯಾಕೆಗೆ ಲಿಫ್ಟಿನಲ್ಲಿ ಅಮ್ಮ ಸಿಕ್ಕಾಗಲೆಲ್ಲ ಒಂದೇ ಚಿಂತೆ: ಇಷ್ಟು ವಯಸ್ಸಾಯ್ತು, ಮಂಡಿಯೂ ಹೋಯ್ತು, ನಿಮ್ಮ ಮಗಳು ಇನ್ನೂ ನಿಲ್ಲಿಸಲ್ಲವಾ? ಅಮ್ಮ ಪ್ರತಿಸಲ ನಕ್ಕು ಸುಮ್ಮನಾಗುತ್ತಿದ್ದರು. ಒಂದು ದಿನ ಅದೇನಾಯಿತೋ, "ಮಂಡಿ ನಿಂತಿದೆ ಕಣ್ರೀ, ಅವಳು ನಿಂತಿಲ್ಲ" ಅಂದುಬಿಟ್ಟರು. ಪಕ್ಕದಲ್ಲಿದ್ದ ನನಗೆ ಯಾವ ಕಪ್ ಗೆದ್ದಾಗಲೂ ಅಷ್ಟು ಸಂತೋಷವಾಗಿರಲಿಲ್ಲ.

ಮಾರನೆಯ ದಿನ ಬೀದಿಯಿಂದ ತಲೆಯೆತ್ತಿ ನೋಡಿದರೆ ಸೀರೆ ಹಿಂದೆ, ಚಡ್ಡಿಗಳು ಮುಂದೆ. ಕಣ್ಣು ಒದ್ದೆಯಾಗಿ ಮೇಲೆ ಓಡಿದೆ. ಅಮ್ಮ ನನ್ನ ಮುಖವನ್ನೂ ನೋಡದೆ, "ಆ ತೂತು ಬಿದ್ದಿರೋದನ್ನ ಬಿಸಾಕೇ, ಇನ್ಮೇಲೆ ನಾಲ್ಕು ಜನ ನೋಡ್ತಾರೆ" ಅಂದರು.

ಕರೆದೊಯ್ಯಲು ಬಂದವರು

ನಮ್ಮ ಗೋಲ್‌ಕೀಪರ್ ಹುಡುಗಿಯ ಅಪ್ಪ ವಿಜಯಪುರದ ಕಡೆಯವರು, ಕಟ್ಟಡದ ಕೆಲಸ. ಅವರಿರುವ ಚಾಳಿನ ವಠಾರದಲ್ಲಿ, ಹುಡುಗಿ ಚೆಂಡಾಡುವುದರ ಬಗ್ಗೆ ಯಾರೋ ಏನೋ ಅಂದರಂತೆ. ಮಗಳನ್ನು ಬಿಡಿಸಿ ಮನೆಗೆ ಕರೆದೊಯ್ಯಲು ಮ್ಯಾಚಿನ ನಡುವೆಯೇ ಬಂದರು. ಇವಳೊಬ್ಬಳು ಹೋದರೆ ಟೀಮೇ ಇಲ್ಲ, ಟೀಮಿಲ್ಲದಿದ್ದರೆ ಮೂಲೆಯೂ ಇಲ್ಲ. ಏನು ಹೇಳಿ ಒಪ್ಪಿಸಲಿ ಅಂತ ನಾನು ಮಾತು ಹುಡುಕುತ್ತಿದ್ದೆ.

ಅಷ್ಟರಲ್ಲಿ ಎದುರಿನ ತಂಡದವಳೊಬ್ಬಳು ಇವರ ಮಗಳನ್ನು ನೂಕಿ ಕೆಡವಿದಳು. ರೆಫ್ರಿ ಸೀಟಿ ಊದಲಿಲ್ಲ. ಅಪ್ಪ ಚಪ್ಪಲಿ ಬಿಟ್ಟು ಒಳಗೆ ನುಗ್ಗಿ, ನಿನಗ ಕಣ್ಣ ಅದಾವೋ ಇಲ್ಲೋ ಅಂತ ರೆಫ್ರಿಯನ್ನು ಅಚ್ಚ ಕನ್ನಡದಲ್ಲಿ ವಿಚಾರಿಸಿಕೊಂಡರು. ಅವನಿಗೆ ಕನ್ನಡ ಬಾರದಿದ್ದರೂ ಅರ್ಥವಾಯಿತು. ಜೇಬಿಗೆ ಕೈಹಾಕಿ ಕೆಂಪು ಕಾರ್ಡ್ ತೆಗೆದು ಅಪ್ಪನಿಗೇ ತೋರಿಸಿ ಹೊರಗೆ ಹಾಕಿದ.

ಇನ್ನು ಈ ಹುಡುಗಿ ಬರುವುದಿಲ್ಲ ಅಂತ ನಾನು ವಾರವಿಡೀ ಕೊರಗಿದೆ. ಮುಂದಿನ ಮ್ಯಾಚಿಗೆ ಎಲ್ಲರಿಗಿಂತ ಮೊದಲು ಬಂದವಳು ಅವಳೇ. ಹಿಂದೆ ಅಪ್ಪ, ಅಪ್ಪನ ಹಿಂದೆ ಇಬ್ಬರು ಚಿಕ್ಕಪ್ಪಂದಿರು. ಇದೇನ್ರೀ ಅಂದೆ.

"ಒಬ್ಬನ ಇದ್ದೆ ಅಂತ ಆ ರೆಫ್ರಿ ಹೊರಗ ಹಾಕಿದ ಮೇಡಮ್ಮಾರ. ಮೂವರನ್ನ ಹೆಂಗ ಹಾಕ್ತಾನ ನೋಡೂಣು."

ಸೆಕ್ರೆಟರಿಯವರ ಹೊಡೆತ

ಕೊನೆಗೂ ಕ್ರಿಕೆಟ್‌ನವರು ಕಾಲೊನಿ ಕಮಿಟಿಗೆ ದೂರು ಕೊಟ್ಟರು. ಹುಡುಗಿಯರು ಹೆಸರಿಗೆ ಮಾತ್ರ ಇದ್ದಾರೆ, ಮೂಲೆ ಸುಮ್ಮನೆ ಬಿದ್ದಿದೆ, ಅಲ್ಲಿ ನಮಗೆ ನೆಟ್ ಹಾಕಿಸಿಕೊಡಿ ಅಂತ. ಸೆಕ್ರೆಟರಿ ಉಡುಪಿ ಕಡೆಯವರು, ನ್ಯಾಯವಂತರು. ಕಣ್ಣಾರೆ ನೋಡಿ ಅಲ್ಲೇ ತೀರ್ಮಾನ ಹೇಳುತ್ತೇನೆ ಅಂದರು. ಅವರು ಬಂದ ಭಾನುವಾರ ಮಳೆ ಹಿಡಿದುಕೊಂಡು ಹೊಡೆಯುತ್ತಿತ್ತು. ಕ್ರಿಕೆಟ್ ಟಾರ್ಪಾಲು ಹೊದ್ದು ಮಲಗಿತ್ತು. ನಮ್ಮ ಹುಡುಗಿಯರು ಮಾತ್ರ ಕೆಸರಿನಲ್ಲಿ ಬಿದ್ದೆದ್ದು ಆಡುತ್ತಿದ್ದರು. ಬಿಳಿ ಪ್ಯಾಂಟು, ಪಾಲಿಶ್ ಮಾಡಿದ ಶೂ, ತಲೆಯ ಮೇಲೆ ಕೊಡೆ; ಸೆಕ್ರೆಟರಿ ಗೋಲಿನ ಹತ್ತಿರ ಬಂದು ಗಂಭೀರವಾಗಿ ನಿಂತರು.

ಆಗ ಚೆಂಡು ಉರುಳಿಕೊಂಡು ಬಂದು ಅವರ ಮುಂದಿನ ಹೊಂಡದಲ್ಲಿ ನಿಂತಿತು. ಮುಂದೆ ಚೆಂಡಿದೆ, ಅದರ ಮುಂದೆ ಗೋಲಿದೆ. ಎಂಥ ಗಂಡಸಾದರೂ ಎಷ್ಟು ಹೊತ್ತು ತಡೆದುಕೊಂಡಾನು? ಸೆಕ್ರೆಟರಿ ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು, ಕೊಡೆ ಮಡಚಿದರು, ಎರಡು ಹೆಜ್ಜೆ ಹಿಂದೆ ಸರಿದು ಬೀಸಿ ಒದ್ದರು.

ಚೆಂಡು ಹೊಂಡದಲ್ಲೇ ಉಳಿಯಿತು. ಶೂ ಹಾರಿತು. ನಮ್ಮ ಕೀಪರ್‌ಗೆ ನಾನು ಕಲಿಸಿದ್ದು ಒಂದೇ, ಗೋಲಿನ ಕಡೆ ಏನೇ ಬಂದರೂ ಹಿಡಿ ಅಂತ. ಅವಳು ಬಲಕ್ಕೆ ಹಾರಿ ಶೂವನ್ನು ಎದೆಗವಚಿಕೊಂಡು ಕೆಸರಿನಲ್ಲಿ ಜಾರಿಹೋದಳು.

ಸೆಕ್ರೆಟರಿ ಕೊಡೆಯೂರಿ ಒಂಟಿಕಾಲಿನಲ್ಲಿ ನಿಂತಿದ್ದರು. ಅವರಿಗೆ ಸಿಟ್ಟು ಬಂದರೆ ಮೂಲೆ ಹೋಯಿತು ಅಂದುಕೊಂಡೆ. ಅವರು ಕೀಪರ್ ಹುಡುಗಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಕೆಸರಿನಲ್ಲಿ ಕಣ್ಣೆರಡು ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ.

"ಆಯ್ತು ಮಾರಾಯ್ರೆ, ಮೂಲೆ ನಿಮಗೇ. ಇವಳನ್ನು ಇಲ್ಲಿಂದ ಎಬ್ಬಿಸ್ಲಿಕ್ಕೆ ಯಾರಿಂದಲೂ ಆಗುದಿಲ್ಲ" ಅಂದರು. ಅವರೇ ಮುಂದುವರಿದು, ಆದರೆ ಅದೊಂದನ್ನು ಗೋಲ್ ಅಂತ ಲೆಕ್ಕಕ್ಕೆ ಹಿಡಿಯಿರಿ ಅಂದರು. ಹಿಡಿಯೋಣ ಸಾರ್, ಅದಕ್ಕೇನು ಅಂತ ನಾನು ಬಾಯಿ ತೆರೆಯುವಷ್ಟರಲ್ಲಿ ಕೀಪರ್ ಎದ್ದು ನಿಂತಳು.

"ಹೆಂಗ್ ಆಕ್ಕೈತ್ರಿ ಸರ್? ಬೂಟು ನನ್ನ ಕೈಯಾಗ ಐತಿ."