ಬಿಳಿ ಮದರ್‌ಬೋರ್ಡ್ ಕಾಯ್ದ ವಾರ

ಸೊಲ್ಲಾಪುರದಲ್ಲಿ ಕಂಪ್ಯೂಟರ್ ಜೋಡಿಸಿಕೊಡುವ ಅಂಗಡಿ ಇಟ್ಟು ಹದಿನೆಂಟು ವರ್ಷವಾಯಿತು. ಜನ ಮದರ್‌ಬೋರ್ಡ್ ಆರಿಸುವ ರೀತಿ ನೋಡಿ ನಗುವ ಶಕ್ತಿ ಮೊದಲ ಎರಡು ವರ್ಷದಲ್ಲೇ ಮುಗಿಯಿತು. ಪ್ರಸಂಗಗಳು ಮಾತ್ರ ಮುಗಿಯುತ್ತಿಲ್ಲ. ಒಂದೇ ವಾರದ್ದು ಹೇಳುತ್ತೇನೆ, ಸಾಕು.

ಸೋಮವಾರ ಚಾದರ ವ್ಯಾಪಾರಿಯೊಬ್ಬರ ಮಗಳು ಬಂದಳು. ಕಾಲೇಜು ಓದುವ ಹುಡುಗಿ. ಮುಂದಿನ ಭಾನುವಾರ ಗೇಮಿಂಗ್ ಸ್ಪರ್ಧೆಯ ಫೈನಲ್ ಆಡಬೇಕಿತ್ತು. ಹಳೆಯ ಲ್ಯಾಪ್‌ಟಾಪ್ ಸೆಮಿಫೈನಲ್‌ನಲ್ಲೇ ಎರಡು ಸಲ ಕಣ್ಣು ಮುಚ್ಚಿತ್ತಂತೆ. ಯಾವ ಬೋರ್ಡ್ ಬೇಕೆಂದು ತಾನೇ ಓದಿ, ಹೋಲಿಸಿ, ಚೀಟಿ ಬರೆದು ತಂದಿದ್ದಳು. ಬಿಳಿ ಬಣ್ಣದ್ದು, ಮೆಮೊರಿ ಕೂರಿಸಲು ನಾಲ್ಕು ಖಾನೆ ಇರುವಂಥದ್ದು. ಏನು ಬೇಕೆಂದು ಗೊತ್ತಿದ್ದು ಬಂದ ಗಿರಾಕಿಯನ್ನು ನೋಡಿ ನನ್ನ ಕಣ್ಣು ತುಂಬಿ ಬಂತು.

ಅಂಗಡಿಯಲ್ಲಿ ಅಂಥದ್ದು ಉಳಿದಿದ್ದು ಒಂದೇ ಒಂದು. ಪುಣೆಯ ಸಗಟು ವ್ಯಾಪಾರಿಯ ಬಳಿ ಇನ್ನೊಂದು ತಿಂಗಳು ಸಿಗುವಂತಿರಲಿಲ್ಲ.

"ಈಗಽ ಒಯ್ಯವ್ವ," ಅಂದೆ.

"ಅಪ್ಪ ಹೂಂ ಅನ್ನದ ಮಾಲು ನಮ್ಮನಿಗೆ ಬರೂದಿಲ್ರಿ ಕಾಕಾ. ಅವರು ಊರಿಗೆ ಹೋಗ್ಯಾರ. ಶುಕ್ರವಾರ ಕರಕೊಂಡು ಬರ್ತೀನಿ, ಅಲ್ಲೀತನಕ ಯಾರಿಗೂ ಕೊಡಬ್ಯಾಡ್ರಿ."

ಕೊಡುವುದಿಲ್ಲ ಎಂದು ಮಾತು ಕೊಟ್ಟೆ.

ನಾಲ್ಕು ಖಾನೆ

ಮಂಗಳವಾರ ನಾಗಣಸೂರಿನಿಂದ ಒಬ್ಬ ಜಮೀನುದಾರರು ಬಂದರು. ನಾಲ್ವರು ಅಣ್ಣತಮ್ಮಂದಿರ ಕೂಡುಕುಟುಂಬ. ಮಕ್ಕಳೆಲ್ಲ ಸೇರಿ ಗೇಮಿಂಗ್ ಕಂಪ್ಯೂಟರ್‌ಗೆ ಹಟ ಹಿಡಿದಿದ್ದಾರೆ. ಎರಡು ಖಾನೆಯ ಬೋರ್ಡ್ ತೋರಿಸಿದೆ. ಅವರ ಕಣ್ಣು ನೇರವಾಗಿ ಕಪಾಟಿನಲ್ಲಿದ್ದ ಬಿಳಿಯದರ ಮೇಲೆ ಹೋಯಿತು.

"ಅದರಾಗ ನಾಕು ಖಾನಿ ಅದಾವಲ್ರಿ. ಅದಽ ಕೊಡ್ರಿ. ನಾವು ನಾಕು ಮಂದಿ. ನಾಳೆ ಪಾಲು, ವಾಟಣಿ ಆದ್ರ ಒಬ್ಬೊಬ್ಬಗ ಒಂದೊಂದು."

"ಕಂಪ್ಯೂಟರ್ ವಾಟಣಿ ಮಾಡಾಕ ಬರೂದಿಲ್ರಿ."

"ಮನಿ ಸೈತ ಬರೂದಿಲ್ಲಂತ ಅಂದಿದ್ರು. ನಡುವ ಗ್ವಾಡಿ ಹಾಕೇವಿ."

ನನಗೆ ವಾದ ಮಾಡುವ ತ್ರಾಣ ಇರಲಿಲ್ಲ. "ಎರಡು ಖಾನಿ ಸಾಕ್ರಿ. ಒಂದೊಂದರಾಗ ಇಬ್ಬಿಬ್ಬರು ಹೊಂದಿಕೊಂಡು ಹೋಗ್ರಿ," ಎಂದೆ.

ಅವರು ನನ್ನನ್ನು ಕನಿಕರದಿಂದ ನೋಡಿದರು. "ಬಾವಿ ನೀರಿಗೂ ಹಂಗಽ ಹೊಂದಿಕೊಂಡಿದ್ವಿ. ಈಗ ಕೋರ್ಟಿನ್ಯಾಗ ಅದ."

ಅಳಿಯನ ಬಣ್ಣ

ಬುಧವಾರ ಅಕ್ಕಲಕೋಟೆಯಿಂದ ಒಬ್ಬ ಹಿರಿಯ ಹೆಂಗಸು ಬಂದರು. ಅಧಿಕ ಮಾಸ. ಅಳಿಯನಿಗೆ ಉಡುಗೊರೆ ಕೊಡಲೇಬೇಕು. ಬೆಳ್ಳಿ ದೀಪ ಬೇಡ, ಗೇಮಿಂಗ್ ಕಂಪ್ಯೂಟರ್ ಬೇಕು ಎಂದು ಅಳಿಯ ಬಾಯಿ ಬಿಟ್ಟು ಕೇಳಿದ್ದನಂತೆ. ನಾನು ಹೊರಗಿಟ್ಟ ಬೋರ್ಡ್ ನೋಡಿ ಅವರು ಎರಡು ಹೆಜ್ಜೆ ಹಿಂದೆ ಸರಿದರು.

"ಅಯ್ಯ, ಕರೇದು! ಸಂಕ್ರಾಂತಿ ಇದ್ರ ಕರೇದಽ ಉಡ್ತಾರ, ನಡೀತಿತ್ತು. ಅಧಿಕ ಮಾಸದಾಗ ಜಾವಯಿಗೆ ಯಾರರೆ ಕರೇದು ಕೊಡ್ತಾರೇನ್ರಿ? ಆ ಬಿಳೇದು ಕೊಡ್ರಿ."

"ಅದು ಒಂದು ಹುಡುಗಿಗೆ ಇಟ್ಟೀನ್ರೀ ಅಕ್ಕಾ. ಭಾನುವಾರ ಆಟ ಅದ ಅಕೀದು. ಬೋರ್ಡ್ ಒಳಗ ಇರತದ, ಕಾಣೂದಿಲ್ಲ. ಹೊರಗಿನ ಡಬ್ಬಿ ಬೇಕಾದ್ರ ಬಿಳೇದು ಹಾಕ್ತೀನಿ."

ಅವರು ಸೆರಗಿನಿಂದ ಮುಖ ಒರೆಸಿಕೊಂಡು ನಿಟ್ಟುಸಿರು ಬಿಟ್ಟರು.

"ಹೊರಗ ಬೆಳ್ಳಗ, ಒಳಗ ಕರ್ರಗ. ಅಂಥಾದ್ದು ನಮ್ಮನ್ಯಾಗ ಒಂದು ಅದರಿ. ಅವಗಽ ಕೊಡಾಕ ಬಂದೀನಿ."

ಹಿರಿಯನ ಹಕ್ಕು

ಗುರುವಾರ ನಾಗಣಸೂರಿನವರು ಮತ್ತೆ ಬಂದರು. ಈ ಸಲ ನಾಲ್ವರೂ ಬಂದಿದ್ದರು. ಬಿಳಿ ಬೋರ್ಡ್ ಒಯ್ದೇ ತೀರುತ್ತೇವೆ ಎಂದು ಬೆಂಚಿನ ಮೇಲೆ ಸಾಲಾಗಿ ಕೂತರು. ನಾನೂ ದಣಿದಿದ್ದೆ. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಮೊದಲು ಎರಡೇ ಮೆಮೊರಿ ಹಾಕುವುದಾದರೆ ಎರಡನೆಯ ಮತ್ತು ನಾಲ್ಕನೆಯ ಖಾನೆಯಲ್ಲಿ ಹಾಕಬೇಕು, ಒಂದನೆಯದು ಖಾಲಿ ಬಿಡಬೇಕು, ಕಂಪನಿಯವರೇ ಹಾಗೆ ಬರೆದಿದ್ದಾರೆ.

ಹಿರಿಯಣ್ಣ ಎದ್ದು ನಿಂತರು. "ಅಂದ್ರ ಹಿರ್ಯಾಂವಂದು ಖಾಲಿ, ಸಣ್ಣಾಂವಂದು ತುಂಬಿದ್ದು?"

ಕಿರಿಯವನು ತಣ್ಣಗೆ ಹೇಳಿದ: "ಕಂಪನಿಯವ್ರಿಗೂ ನಮ್ಮನಿ ವಿಷಯ ಗೊತ್ತಾಗೇದ ನೋಡ್ರಿ."

ಜಗಳ ಆಡುತ್ತಲೇ ನಾಲ್ವರೂ ಬಸ್‌ಸ್ಟ್ಯಾಂಡಿನ ಕಡೆ ನಡೆದರು. ಬೋರ್ಡ್ ಉಳಿಯಿತು.

ಕೈ ಹಚ್ಚಿದ ಮಾಲು

ಶುಕ್ರವಾರ ಹುಡುಗಿ ಅಪ್ಪನನ್ನು ಕರೆದುಕೊಂಡು ಬಂದಳು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಮೆಲುಮಾತಿನ ಮನುಷ್ಯ. ಇವರಿಂದ ಏನೂ ತೊಂದರೆ ಆಗುವುದಿಲ್ಲ ಎಂದು ನನಗೆ ಹೋದ ಜೀವ ಬಂತು.

ಬೋರ್ಡನ್ನು ಮೇಜಿನ ಮೇಲಿಟ್ಟು, ಪ್ರೊಸೆಸರ್ ಕೂರುವ ಜಾಗದ ಮುಚ್ಚಳ ತೆಗೆದೆ. ಅಲ್ಲಿ ಕೂದಲಿನಂಥ ಸಾವಿರಕ್ಕೂ ಹೆಚ್ಚು ಪಿನ್ನುಗಳಿರುತ್ತವೆ. ಒಂದು ಬಾಗಿದರೂ ಬೋರ್ಡ್ ಕೆಲಸಕ್ಕೆ ಬಾರದು; ಉಸಿರು ಬಿಡುವುದಕ್ಕೂ ನಾವು ಹೆದರುತ್ತೇವೆ. ಪ್ರೊಸೆಸರ್ ಡಬ್ಬಿ ಬಿಚ್ಚಲು ಒಂದು ಕ್ಷಣ ಆಚೆ ತಿರುಗಿದೆ. ಈಚೆ ತಿರುಗಿದಾಗ ವ್ಯಾಪಾರಿ ಕಣ್ಣು ಮುಚ್ಚಿಕೊಂಡು ಆ ಪಿನ್ನುಗಳ ಮೇಲೆ ಹೆಬ್ಬೆರಳು ತಿಕ್ಕುತ್ತಿದ್ದರು. ಮೂವತ್ತು ವರ್ಷ ಚಾದರದ ನೇಯ್ಗೆಯನ್ನು ಹಾಗೇ ಪರೀಕ್ಷೆ ಮಾಡಿದ ಕೈ ಅದು.

"ಎಳಿ ಒತ್ತಾಗಿ ಅದಾವ," ಅಂದರು. "ಸ್ವಲ್ಪ ಚುಚ್ಚತದ. ಎರಡು ಸಲ ಒಗದ್ರ ಮೆತ್ತಗಾಗತದ."

ಹುಡುಗಿ ಸ್ಟೂಲಿನ ಮೇಲೆ ಕುಸಿದಳು. "ಮುಗೀತು ಕಾಕಾ. ಭಾನುವಾರ ಮುಗೀತು."

ನಾನು ಬಗ್ಗಿ ನೋಡಿದೆ. ನಾಲ್ಕೈದು ಪಿನ್ನು ಮಲಗಿದ್ದವು. ಒಂದು ವಾರ ಲೋಕದಿಂದ ಕಾಪಾಡಿದ್ದನ್ನು ಮನೆಯವರಿಂದ ಕಾಪಾಡಲಾಗಲಿಲ್ಲವಲ್ಲ ಎನಿಸಿತು. ಎತ್ತಿ ನಿಲ್ಲಿಸೋಣವೆಂದರೆ ನನ್ನ ಕಣ್ಣು ಮೊದಲಿನ ಹಾಗಿಲ್ಲ.

ವ್ಯಾಪಾರಿ ಮಗಳ ಮುಖ ನೋಡಿದರು. ಏನಾಯಿತೆಂದು ಆಗ ಅರ್ಥವಾಯಿತು. ಜೇಬಿನಿಂದ ಎಳೆ ಎಣಿಸುವ ಪುಟ್ಟ ಹಿತ್ತಾಳೆ ಭೂತಗನ್ನಡಿ ತೆಗೆದರು. "ಸೂಜಿ ಕೊಡ್ರಿ," ಅಂದರು. ಒಂದು ತಾಸು ತಲೆ ಎತ್ತಲಿಲ್ಲ. ಒಂದೊಂದೇ ಪಿನ್ನನ್ನು ಸಾಲಿಗೆ ತಂದು ನಿಲ್ಲಿಸಿದರು. ಅಷ್ಟು ಚೊಕ್ಕ ಕೆಲಸ ನನ್ನಿಂದ ಆಗುತ್ತಿರಲಿಲ್ಲ.

ಎಲ್ಲ ಜೋಡಿಸಿ ಗುಂಡಿ ಒತ್ತಿದೆ. ಪರದೆ ಬೆಳಗಿತು. ಹುಡುಗಿ ಅತ್ತಳು. ನಾನೂ ಸ್ವಲ್ಪ ಅತ್ತೆ.

ಡಬ್ಬಿ ಕಟ್ಟಲು ಹೊರಟರೆ ವ್ಯಾಪಾರಿ ಅಡ್ಡ ಕೈ ಹಾಕಿದರು.

"ತಡೀರಿ. ಇದು ಬ್ಯಾಡ. ಒಳಗಿಂದು ಹೊಸ ಪೀಸ್ ತೋರಸ್ರಿ."

"ಯಾಕ್ರೀ ಶೇಟಜಿ?"

"ಇದು ಕೈ ಹಚ್ಚಿದ ಮಾಲು. ಮಗಳಿಗೆ ನಾ ಅಂಥಾದ್ದು ಒಯ್ಯೂದಿಲ್ಲ."

ಹುಡುಗಿ ನನ್ನನ್ನೂ ಕೇಳಲಿಲ್ಲ, ಅಪ್ಪನನ್ನೂ ಕೇಳಲಿಲ್ಲ. ಕಂಪ್ಯೂಟರ್ ಎತ್ತಿಕೊಂಡು ಹೊರಗೆ ನಿಂತಿದ್ದ ರಿಕ್ಷಾದಲ್ಲಿ ತಬ್ಬಿ ಕೂತುಬಿಟ್ಟಳು. ಅಲ್ಲಿಂದಲೇ ಕೂಗಿದಳು, "ಅಪ್ಪಾ, ಕೈ ಹಚ್ಚಿದವರು ನೀವಽ ಅಲ್ಲೇನ್ರಿ!"

"ಅದಕ್ಕಽ ಹೇಳಾಕತ್ತೀನವ್ವ," ಎಂದು ವ್ಯಾಪಾರಿ ಚಪ್ಪಲಿ ಮೆಟ್ಟಿದರು. "ಬ್ಯಾರೆ ಯಾರರೆ ಹಚ್ಚಿದ್ರ ನಂಬಿ ಒಯ್ತಿದ್ದೆ."