ಠಾಣೆಗೆ ಹೇಳಿ ತಂದ ಎಣ್ಣೆ

ಗೋವಾದಲ್ಲಿ ಗಾಂಜಾದ ಕಾನೂನನ್ನು ಸರಿಯಾಗಿ ಬಲ್ಲವರು ಇಬ್ಬರೇ. ಒಬ್ಬರು ಯಾರೋ ದೊಡ್ಡ ವಕೀಲರು, ಇನ್ನೊಬ್ಬಳು ನಮ್ಮ ಚಿಗವ್ವ, ಅಂದರೆ ನನ್ನ ತಾಯಿಯ ತಂಗಿ. ವಕೀಲರ ಬಗ್ಗೆ ನನಗೆ ಸ್ವಲ್ಪ ಅನುಮಾನವಿದೆ!

ಅವಳ ಗಂಡ, ನಮ್ಮ ಕಾಕಾ, ಮುರ್ಮುಗಾಂವ್ ಬಂದರಿನಲ್ಲಿ ಮೂಟೆ ಹೊತ್ತು ಹೊತ್ತು ಸೊಂಟದ ನರ ಕೆಡಿಸಿಕೊಂಡಿದ್ದರು. ಕೂತರೆ ನೋವು, ಮಲಗಿದರೆ ಇನ್ನಷ್ಟು ನೋವು. ಕಣ್ಣು ತುಂಬ ನಿದ್ದೆ ಕಂಡು ತಿಂಗಳುಗಳೇ ಆಗಿದ್ದವು. ಕೊನೆಗೆ ಆಯುರ್ವೇದ ವೈದ್ಯರೊಬ್ಬರು ಒಂದು ಎಣ್ಣೆ ಬರೆದುಕೊಟ್ಟರು. ಅವರೂ ನಮ್ಮ ಹಾಗೆ ಕರ್ನಾಟಕದಿಂದ ಬಂದವರೇ ಆದ್ದರಿಂದ ಬಿಡಿಸಿ ಹೇಳಿದರು: ಅದು ಗಾಂಜಾ ಗಿಡದ ಎಲೆಯಿಂದ ಮಾಡಿದ್ದು.

ಚಿಗವ್ವ ಎದ್ದು ನಿಂತಳು. "ಡಾಕ್ಟರ್ರ, ನಮ್ದು ಮರ್ಯಾದಸ್ತರ ಮನಿತನ ಐತ್ರಿ!"

"ಅವ್ವಾರ, ಇದು ಔಷಧ ರೀ. ನನ್ನ ಚೀಟಿ ಇದ್ರ ಅಂಗಡ್ಯಾಗ ಕೊಡ್ತಾರ. ಮಜಾಕ್ಕಂತ ಬೀಚಿನ್ಯಾಗ ಗಾಂಜಾ ತಗೊಂಡ್ರ ಜೇಲು. ಇದನ್ನ ಮಂದಿಗೆ ಹಂಚಬ್ಯಾಡ್ರಿ, ಹೇಳಿದಷ್ಟ ಹನಿ ಕೊಡ್ರಿ."

ಇನ್ನೇನು, ಸೀದಾ ಅಂಗಡಿಗೆ ಹೋಗುವುದು ತಾನೆ? ಅದು ನಿಮ್ಮಂಥವರ ಲೆಕ್ಕ! ಹೊರಗಿನಿಂದ ದುಡಿಯಲು ಬಂದವರು ಇಲ್ಲಿ ಬಾಡಿಗೆ ಖೋಲಿ ಹಿಡಿದರೆ ಠಾಣೆಗೆ ಕಾಗದ ಮುಟ್ಟಿಸಬೇಕು. ಚಿಗವ್ವ ಆ ನಿಯಮವನ್ನು ಇಡೀ ಸಂಸಾರಕ್ಕೆ ಹಬ್ಬಿಸಿಬಿಟ್ಟಿದ್ದಾಳೆ. ಫ್ರಿಜ್ ತಂದಾಗಲೂ ಹೋಗಿ ಹೇಳಿ ಬಂದವಳು! ಹೀಗಾಗಿ ನನ್ನ ಸ್ಕೂಟರ್ ಮೊದಲು ಠಾಣೆಯ ಮುಂದೆ ನಿಂತಿತು.

"ಸಾಬ್," ಎಂದಳು ತನ್ನ ಹಿಂದಿಯಲ್ಲಿ, "ಹಮ್ ಗಾಂಜಾ ಲೇನೆಕೊ ಜಾತಾ ಹೈ!"

ಪೇದೆಯ ಚಹಾ ಅವರ ಅಂಗಿಯ ಮೇಲೆಯೇ ಚೆಲ್ಲಿತು. ನಾನು ಇವಳು ಯಾರೋ ಏನೋ ಎಂಬಂತೆ ಗೋಡೆಯ ಮೇಲಿನ ಕಳ್ಳರ ಫೋಟೋ ನೋಡುತ್ತ ನಿಂತೆ. ಪಕ್ಕದಲ್ಲಿ ನನ್ನದಕ್ಕೂ ಜಾಗವಿತ್ತು! ಚಿಗವ್ವ ಚೀಟಿ ಚಾಚಿದಳು. ಪೇದೆ ಓದಿ, ನಕ್ಕು, "ದವಾಯಿ ಹೈ ಮಾಯಿ, ಜಾವೋ" ಎಂದರು. ಚಿಗವ್ವ ಕೇಸು ಗೆದ್ದವಳಂತೆ ಹೊರಬಂದಳು.

ಅಂಗಡಿಯಲ್ಲಿ ಚಡ್ಡಿ ತೊಟ್ಟ ಕನ್ನಡದ ಪ್ರವಾಸಿಯೊಬ್ಬ ನಮ್ಮ ಮಾತು ಕೇಳಿಸಿಕೊಂಡು ಹತ್ತಿರ ಸರಿದ. "ಆಂಟಿ, ನಿಮ್ಮ ಚೀಟಿ ಮೇಲೆ ನನಗೂ ಒಂದು ಬಾಟಲಿ ತಗೊಳ್ಳಿ. ಸುಮ್ನೆ ಮಜಾಕ್ಕೆ" ಎಂದು ಪಿಸುಗುಟ್ಟಿದ. ಪಾಪ, ಕೇಳಿದ್ದು ಯಾರನ್ನು!

"ನಿನಗೆಲ್ಲಿ ಬ್ಯಾನಿ ಐತಿ, ತೋರ್ಸು! ಸೊಂಟಾನೋ, ಮೊಣಕಾಲೋ? ಏನೂ ಇಲ್ಲಲ್ಲ? ಬ್ಯಾನಿ ಇದ್ದಾವಂಗ ಔಷಧ, ಮಜಾ ಬೇಕಾದಾವಂಗ ಜೇಲು. ಠಾಣ್ಯಾಗ ಕೇಳೇ ಬಂದೇನಿ!"

ಅವನು ಬೆದರಿ ಒಂದು ಡಬ್ಬಿ ಚ್ಯವನಪ್ರಾಶ ಕೊಂಡು ಹೊರಟುಹೋದ. ಚಿಗವ್ವ ಸ್ಕೂಟರಿನ ಹಿಂದೆ ಕೂತು, ಬಾಟಲಿಯನ್ನೂ ಚೀಟಿಯನ್ನೂ ಎತ್ತಿ ಹಿಡಿದು, ದಾಬೋಲಿಮ್‌ನ ಮನೆಯವರೆಗೆ ಮೆರವಣಿಗೆ ಬಂದಳು.

ಕೆಲವು ದಿನಗಳ ಮೇಲೆ ಒಂದು ಮಧ್ಯಾಹ್ನ ಅವಳು ಬಾಗಿಲಲ್ಲಿ ನಿಂತು ನನಗೆ ಕೈಸನ್ನೆ ಮಾಡಿದಳು. ಮುಖ ಬಿಳಿಚಿಕೊಂಡಿತ್ತು. ಒಳಗೆ ಓಡಿದೆ. ಕಾಕಾ ಅಲುಗಾಡದೆ ಮಲಗಿದ್ದರು. ಚಿಗವ್ವ ಅವರ ಮೂಗಿನ ಬಳಿ ಬೆರಳು ಒಯ್ದು, ಧೈರ್ಯ ಸಾಲದೆ ಹಿಂದೆ ತೆಗೆದಳು.

"ನರಳವಲ್ರು... ಉಸರ ಐತೇನ ನೋಡೋ."

ಬಗ್ಗಿ ನೋಡಿದೆ. ಕಾಕಾ ಸಣ್ಣಗೆ ಗೊರಕೆ ಹೊಡೆಯುತ್ತಿದ್ದರು.

"ನಿದ್ದಿ ಮಾಡಾಕತ್ತಾರ, ಚಿಗವ್ವಾ."

ಅವಳು ಅಲ್ಲೇ ನೆಲದ ಮೇಲೆ ಕುಸಿದು ಕೂತಳು. ಸೆರಗನ್ನು ಬಾಯಿಗೆ ಅದುಮಿಕೊಂಡು, ಅವರಿಗೆ ಎಚ್ಚರವಾಗದಂತೆ ಅತ್ತಳು.